ಕಾರ್ಯಪ್ಪ ಫೀಲ್ಡ್ ಮಾರ್ಷಲ್, ತಿಮ್ಮಯ್ಯ ಜನರಲ್. ಇಬ್ಬರೂ ಸೇನಾ ಮುಖ್ಯಸ್ಥರೇ ಅಲ್ವಾ, ಮತ್ತೆ ಈ ವ್ಯತ್ಯಾಸ ಯಾಕೆ?

ಇಬ್ಬರೂ ಕೊಡಗಿನವರು, ಇಬ್ಬರೂ ಭೂಸೇನೆಯನ್ನು ನಡೆಸಿದವರು, ಹಾಗಾಗಿ ಈ ಗೊಂದಲ ತುಂಬಾ ಜನಕ್ಕಿದೆ.

ಸೇನಾ ಮುಖ್ಯಸ್ಥ ಅನ್ನೋದು ಹುದ್ದೆ. ಆ ಕುರ್ಚಿಯಲ್ಲಿ ಕೂರುವವರ ರ್‍ಯಾಂಕ್ ಜನರಲ್, ಅಂದರೆ ನಾಲ್ಕು ಸ್ಟಾರ್. ತಿಮ್ಮಯ್ಯನವರು 1961ರಲ್ಲಿ ಜನರಲ್ ಆಗಿ ನಿವೃತ್ತರಾದರು. ನಿಜ ಹೇಳಬೇಕೆಂದರೆ ಕಾರ್ಯಪ್ಪನವರೂ 1953ರಲ್ಲಿ ಮನೆಗೆ ಬಂದಿದ್ದು ಜನರಲ್ ಆಗಿಯೇ. ಐದು ಸ್ಟಾರ್‌ನ ಫೀಲ್ಡ್ ಮಾರ್ಷಲ್ ರ್‍ಯಾಂಕ್ ಅವರಿಗೆ ಸಿಕ್ಕಿದ್ದು 1986ರಲ್ಲಿ, ವಯಸ್ಸು 80 ದಾಟಿದ ಮೇಲೆ!

ಇದು ಸರ್ವಿಸ್ ನೋಡಿ ಕೊಡೋ ಬಡ್ತಿ ಅಲ್ಲ, ಸರ್ಕಾರ ಕೊಡೋ ಗೌರವ. ಭಾರತೀಯ ಸೇನೆಯಲ್ಲಿ ಇದುವರೆಗೆ ಪಡೆದವರು ಇಬ್ಬರೇ. ಮೊದಲು ಸ್ಯಾಮ್ ಮಾಣೆಕ್ ಷಾ, 1971ರ ಯುದ್ಧ ಗೆದ್ದ ಮೇಲೆ, 1973ರ ಜನವರಿ 1ರಂದು. ಅದಾಗಿ ಎರಡು ವಾರಕ್ಕೆ ಅವರು ಮುಖ್ಯಸ್ಥರ ಹುದ್ದೆ ಬಿಟ್ಟರು, ಅಂದರೆ ಈ ರ್‍ಯಾಂಕ್‌ನಿಂದ ಹೊಸ ಅಧಿಕಾರ, ಹೊಸ ಪಡೆ ಅಂತ ಏನೂ ಬರಲ್ಲ. ಎರಡನೆಯವರು ಕಾರ್ಯಪ್ಪ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಕೈಯಿಂದ ಸೇನೆಯ ಹೊಣೆ ತಗೊಂಡ ಮೊದಲ ಭಾರತೀಯ. ಆ ದಿನವನ್ನೇ ನಾವು ಸೇನಾ ದಿನ ಅಂತ ಆಚರಿಸ್ತೀವಿ.

ಇನ್ನೊಂದು ಮುಖ್ಯ ವಿಷಯ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಇಲ್ಲ. ಕೊನೆಯುಸಿರಿನವರೆಗೂ ಸೇವೆಯಲ್ಲಿರುವ ಅಧಿಕಾರಿ ಅಂತಲೇ ಲೆಕ್ಕ, ಸಮಾರಂಭಗಳಿಗೆ ಸಮವಸ್ತ್ರ ಹಾಕಿ, ರ್‍ಯಾಂಕ್ ಜೊತೆ ಕೊಟ್ಟ ದಂಡ ಹಿಡಿದು ಬರಬಹುದು. ಅದಕ್ಕೇ ಫ್ಲೆಕ್ಸ್‌ಗಳಲ್ಲಿ, ಭಾಷಣಗಳಲ್ಲಿ ‘ನಿವೃತ್ತ ಫೀಲ್ಡ್ ಮಾರ್ಷಲ್ ಕಾರ್ಯಪ್ಪ’ ಅಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತೆ. ದಯವಿಟ್ಟು ಹಾಗೆ ಬರೀಬೇಡಿ.

ತಿಮ್ಮಯ್ಯನವರಿಗೆ ಈ ಗೌರವ ಸಿಗಲಿಲ್ಲ ಅಂತ ಅವರೇನು ಕಡಿಮೆ ಅಲ್ಲ. 1948ರ ನವೆಂಬರ್‌ನ ಆ ಚಳಿಯಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ಹೋಗೋ, 11 ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆ ದಾರಿಗೆ ಟ್ಯಾಂಕ್ ಹತ್ತಿಸಿ ಶತ್ರುಗಳನ್ನು ಓಡಿಸಿದ ಕಾರ್ಯಾಚರಣೆ ಅವರ ನೇತೃತ್ವದ್ದು. ಆಗ ಪಶ್ಚಿಮದ ಇಡೀ ಸೇನೆ ಕಾರ್ಯಪ್ಪನವರ ಕೈಯಲ್ಲಿತ್ತು. ಲೇಹ್‌ಗೆ ಹೋಗೋ ದಾರಿ ಮತ್ತೆ ತೆರೆದಿದ್ದರಲ್ಲಿ ಈ ಇಬ್ಬರು ಕೊಡಗಿನವರ ಪಾಲು ದೊಡ್ಡದು.

ವಾಯುಪಡೆಯಲ್ಲಿ ಇದಕ್ಕೆ ಸಮನಾದ ರ್‍ಯಾಂಕ್ 2002ರಲ್ಲಿ ಅರ್ಜನ್ ಸಿಂಗ್ ಅವರಿಗೆ ಸಿಕ್ಕಿತು. ನೌಕಾಪಡೆಯಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ.