ಹಾಲಿನ ಲೆಕ್ಕದ ಪಕ್ಕ ಒಂದು ಗೀಟು

"ಇವಳಿಗೆ ಟೆನ್ಷನ್ ಜಾಸ್ತಿ ಮೇಡಂ, ಸ್ವಲ್ಪ ಬುದ್ಧಿ ಹೇಳಿ" ಅಂದು ಗಂಡ ಹೊರಗೆ ಹೋಗಿ ಕೂತರು. ಹೆಸರು ಸುಮಾ ಅಂತಿಟ್ಟುಕೊಳ್ಳಿ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಯಸ್ಸು 36, ಪ್ರೈಮರಿ ಶಾಲೆಯಲ್ಲಿ ಟೀಚರ್. ಶನಿವಾರ ಬಂದರೆ ತಲೆನೋವು, ಹಬ್ಬ ಬಂದರೆ ತಲೆನೋವು. "ಕೆಲಸ ಇದ್ದ ದಿನಾನೇ ಬರುತ್ತೆ ನೋಡಿ" ಅನ್ನೋದು ಅತ್ತೆಯ ಮಾತು. ಕೇಳಿ ಕೇಳಿ ಸುಮಾಗೂ ತನ್ನ ಮೇಲೇ ಅನುಮಾನ ಬಂದಿತ್ತು.

ಮೊದಲು ನಾನೂ ಟೆನ್ಷನ್ ತಲೆನೋವು ಅಂತಲೇ ಅಂದುಕೊಂಡೆ. ಅದು ಹಣೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ಎರಡೂ ಕಡೆ ಒತ್ತುತ್ತದೆ, ಹೇಗೋ ಕೆಲಸ ಸಾಗುತ್ತದೆ. ಸುಮಾ ಹೇಳಿದ್ದು ಬೇರೆಯೇ. ಒಂದೇ ಪಕ್ಕ ದಬದಬ ಹೊಡೆತ. ಮೆಟ್ಟಿಲು ಹತ್ತಿದರೆ ಇನ್ನೂ ಜೋರು. ಒಗ್ಗರಣೆ ವಾಸನೆಗೇ ವಾಂತಿ. ಬಾಗಿಲು ಹಾಕಿ ಕತ್ತಲಲ್ಲಿ ಮಲಗಬೇಕು.

"ಪಿತ್ತ ಅಲ್ವಾ ಮೇಡಂ?"

ಹಳ್ಳಿಯಲ್ಲಿ ಅರೆತಲೆನೋವು ಅನ್ನುತ್ತಾರಲ್ಲ, ಆ ಮೈಗ್ರೇನ್ ಇರಬಹುದು ಅಂದೆ. ವಾಂತಿಯೂ ಅದರದ್ದೇ ಭಾಗ. ಔಷಧಿ ಬೀಳದಿದ್ದರೆ 4 ಗಂಟೆಯಿಂದ 72 ಗಂಟೆವರೆಗೂ ಕಾಡುತ್ತದೆ.

ಕರ್ಚೀಫ್ ತೆಗೆಯುವಾಗ ಪರ್ಸಿನಿಂದ ಮಾತ್ರೆ ಸ್ಟ್ರಿಪ್ಪಿನ ಚೂರುಗಳು ಉದುರಿದವು. ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ಎರಡೆರಡೇ ಕತ್ತರಿಸಿ ಕೊಟ್ಟವು. ತಿಂಗಳಿಗೆ ಎಷ್ಟು ಅಂದರೆ ಲೆಕ್ಕ ಇಲ್ಲ. ಮನೆಯಲ್ಲಿ ಯಾವುದಕ್ಕೆ ಲೆಕ್ಕ ಇಡುತ್ತೀರಿ ಅಂತ ಕೇಳಿದೆ. ಹಾಲಿಗೆ, ಕ್ಯಾಲೆಂಡರ್ ಮೇಲೆ. ಸರಿ, ಅದರ ಪಕ್ಕದಲ್ಲೇ ನೋವಿಗೆ ಒಂದು ಗೀಟು, ಮಾತ್ರೆಗೆ ಚುಕ್ಕಿ, ಮುಟ್ಟಿನ ದಿನಕ್ಕೆ ಸೊನ್ನೆ ಹಾಕಿ ಅಂದೆ.

ತಿಂಗಳಾದ ಮೇಲೆ ಹಾಳೆ ಹರಿದು ತಂದರು. ಜೋರು ನೋವೆಲ್ಲ ಶನಿವಾರದ ಒಪ್ಪತ್ತಿಗೆ, ಮುಟ್ಟಿನ ಹಿಂದಿನ ದಿನಕ್ಕೆ, ನಸುಕಿನಲ್ಲೇ ಎದ್ದು ತಲೆಸ್ನಾನ ಮಾಡಿ ಹಸಿದುಕೊಂಡು ಹಬ್ಬದ ಅಡುಗೆಗೆ ನಿಂತ ದಿನಕ್ಕೆ. ಅತ್ತೆ ಗಮನಿಸಿದ್ದು ಸರಿಯೇ ಇತ್ತು, ಕಾರಣ ಮಾತ್ರ ತಪ್ಪು. ನೋವು ಕೆರಳಿಸುತ್ತಿದ್ದದ್ದು ಹಸಿವು, ನಿದ್ದೆಗೇಡು, ಮುಟ್ಟು; ಕೆಲಸ ತಪ್ಪಿಸುವ ನೆಪ ಅಲ್ಲ. ಆದರೆ ಚುಕ್ಕಿ 17 ದಿನ! ಸಾಮಾನ್ಯ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಬೆರೆಸಿದ್ದಾದರೆ 10 ದಿನ, ಹೀಗೆ 3 ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಲ್ಲದು. ಇದನ್ನು ನಂಬಿಸೋದೇ ಕಷ್ಟ.

ಹಾಳೆ ಸಮೇತ ನರರೋಗ ತಜ್ಞರ ಹತ್ತಿರ ಕಳಿಸಿದೆ. ಅವರೂ ಮೈಗ್ರೇನ್ ಅಂದರು. ನೋವು ಬಾರದಂತೆ ತಡೆಯುವ ದಿನದ ಮಾತ್ರೆ ಬರೆದು, ಹಳೆಯದನ್ನು ಬಿಡಿಸಿದರು. ಬಿಟ್ಟ ಮೊದಲ ದಿನಗಳಲ್ಲಿ ನೋವು ಹೆಚ್ಚಬಹುದು, ಹೆದರಬೇಡಿ ಅಂತ ಮೊದಲೇ ಹೇಳಿದ್ದೆ. ಗಂಡ, ಅತ್ತೆ ಇಬ್ಬರನ್ನೂ ಕರೆಸಿ ಹಾಳೆ ತೋರಿಸಿದೆ. ಸಿಡಿಲು ಬಡಿದ ಹಾಗೆ ಒಮ್ಮೆಲೇ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಬಲ ತಪ್ಪೋದು, ಮಾತು ತೊದಲೋದು ಕಂಡರೆ ಗೀಟು ಹಾಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ ಅಂದೆ.

ನಾಲ್ಕನೇ ತಿಂಗಳ ಹಾಳೆಯಲ್ಲಿ ಚುಕ್ಕಿ 4. ಶನಿವಾರಗಳಲ್ಲಿ ಹಾಲು ಅರ್ಧ ಲೀಟರ್ ಜಾಸ್ತಿ ಇತ್ತು. ಯಾಕೆ ಅಂದೆ.

"ಒಪ್ಪತ್ತಿನ ದಿನ ಬೆಳಿಗ್ಗೆ ಅತ್ತೇನೇ ಹಾಲು, ಬಾಳೆಹಣ್ಣು ತಂದಿಡ್ತಾರೆ ಮೇಡಂ."