ಶುಕ್ರವಾರದ ಆಟಕ್ಕೆ ಯಾರೂ ನಗುತ್ತಿಲ್ಲ ಎಂದರೆ

ಆಟ ಕಡ್ಡಾಯವಾಗಿರುವುದೇ ಕಾರಣ ಅನ್ನಿಸುತ್ತದೆ. ಪ್ರತಿ ಶುಕ್ರವಾರ ವಿಡಿಯೋ ಮೀಟಿಂಗ್‌ನಲ್ಲಿ ಆಟ ಆಡಿಸಿದರೂ ತಂಡದವರು ಮ್ಯೂಟ್‌ನಲ್ಲೇ ಇರುತ್ತಾರೆ ಎಂದಿದ್ದೀರಿ. ಮೇಲಿನವರು ಹೇಳಿ ನಗಿಸಿದರೆ ಅದೂ ಒಂದು ಕೆಲಸವೇ ಅಲ್ವಾ? ಜೊತೆಗೆ, ಮ್ಯೂಟ್ ಇದ್ದರೆ ಒಬ್ಬರ ನಗು ಇನ್ನೊಬ್ಬರಿಗೆ ಕೇಳಿಸುವುದೇ ಇಲ್ಲ. ನಗುವನ್ನು ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಂತೆ, ಜನ ಹೆಚ್ಚಾಗಿ ನಗುವುದು ಜೋಕಿಗಲ್ಲ, ಜೊತೆಯವರ ಮಾಮೂಲಿ ಮಾತಿಗೆ.

ಮೊದಲು ಆ ಆಟ ನಿಲ್ಲಿಸಿ. ಎರಡು ವಾರ ಸುಮ್ನೆ ಬಿಡಿ. ಆಮೇಲೆ ಮೀಟಿಂಗ್‌ನ ಮೊದಲ ಐದು ನಿಮಿಷ ಮೈಕ್ ಆನ್ ಇಟ್ಟು ಹರಟೆಗೆ ಬಿಡಿ. ಬರಲೇಬೇಕು ಎನ್ನಬೇಡಿ. ಆ ವಾರ ನೀವೇ ಮಾಡಿದ ಸಣ್ಣ ಎಡವಟ್ಟೊಂದನ್ನು ಹೇಳಿ. ನನ್ನ ತಂಡದಲ್ಲಿ ಮಾತು ಶುರುವಾಗಿದ್ದು ಹೀಗೇ. ಬಳಿಕ ಹೊಸ ಪ್ರಾಜೆಕ್ಟ್‌ಗೆ ತಮಾಷೆಯ ಹೆಸರಿಡುವ ಕೆಲಸವನ್ನು ತಂಡಕ್ಕೇ ಕೊಡಿ.

ಒಂದರಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಯಾರದಾದರೂ ರೂಪವೋ ಮಾತಿನ ಧಾಟಿಯೋ ತಮಾಷೆಗೆ ಬಂದರೆ ಅಲ್ಲೇ ತಡೆಯಿರಿ. ಒಬ್ಬರು ನೊಂದರೂ ಎಲ್ಲರೂ ಮತ್ತೆ ಮ್ಯೂಟ್‌ಗೆ ಹೋಗುತ್ತಾರೆ.

ಕೆಲಸದ ಹೊರೆ ಅಥವಾ ಕೆಲಸ ಹೋಗುವ ಭಯ ಜಾಸ್ತಿ ಇದ್ದರೆ ಇದು ಫಲಿಸುವುದು ಅನುಮಾನ. ಹಾಗಾಗಿ ಈ ವಾರವೇ ಒಬ್ಬೊಬ್ಬರನ್ನು ಬೇರೆಯಾಗಿ ಮಾತನಾಡಿಸಿ ನೋಡಿ.