ಡ್ರೈಯರ್ ಪ್ಯಾನಲ್ ಕೈಕೊಟ್ರೆ ಬೋರ್ಡನ್ನೇ ಬದಲಿಸ್ಬೇಕಾ?

ಪ್ರಶ್ನೆ: ಸಾರ್ ನಮಸ್ತೆ, ನಮ್ದು ಕುಂದಾಪುರದ ಹತ್ರ. ಮಳೆಗಾಲಕ್ಕೆ ಅಂತ್ಲೇ ಆರು ಕೆಜಿ ಡ್ರೈಯರ್ ತಗೊಂಡಿದ್ವಿ, ಬಚ್ಚಲಮನೆ ಪಕ್ಕದ ಸಣ್ಣ ರೂಮಲ್ಲಿಟ್ಟಿದೀವಿ. ಈಗ ಪ್ಯಾನಲ್ ಲೈಟ್ ಬರತ್ತೆ ಆದ್ರೆ ಸ್ಟಾರ್ಟ್ ಒತ್ತಿದ್ರೆ ಕೇಳಲ್ಲ, ಕೆಲವು ಸಲ ಯಾರೂ ಮುಟ್ದೇನೇ ಬೀಪ್ ಅಂತ ಪ್ರೋಗ್ರಾಮ್ ಬದಲಾಗತ್ತೆ, ಬಿಸಿಲು ಬಂದ ದಿನ ಏನೂ ತೊಂದ್ರೆ ಇಲ್ಲ. ಸರ್ವಿಸಿನವ್ರು ಪೂರ್ತಿ ಬೋರ್ಡ್ ಹೋಗಿದೆ ಅಂತಾರೆ. ಹೌದಾ?

ಉತ್ತರ: ಬಿಸಿಲು ಬಂದ್ರೆ ಸರಿಹೋಗತ್ತೆ ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಇದೆ ಮೇಡಂ. ಸುಟ್ಟುಹೋದ ಬೋರ್ಡ್ ಬಿಸಿಲು ನೋಡಿ ಎದ್ದು ಕೂರಲ್ಲ, ಇದು ಪಸೆ ಕಾಟ ಅನ್ಸತ್ತೆ. ಆರು ಕೆಜಿ ಹತ್ತಿ ಬಟ್ಟೆಯಲ್ಲಿ ಸ್ಪಿನ್ ಆದ್ಮೇಲೂ ಸುಮಾರು ಮೂರು ಲೀಟರ್ ನೀರು ಉಳಿದಿರತ್ತೆ, ನಿಮ್ದು ಪೈಪಿಂದ ಬಿಸಿಗಾಳಿ ಹೊರಗೆ ಬಿಡೋ ಮಾಡೆಲ್ ಆಗಿದ್ದು ಆ ಪೈಪ್ ಕಿಟಕಿ ಆಚೆ ಹೋಗಿಲ್ಲ ಅಂದ್ರೆ ಅಷ್ಟೂ ಆವಿ ಅದೇ ರೂಮಲ್ಲಿ ಸುತ್ತಿ ಕೊನೆಗೆ ಪ್ಯಾನಲ್ ಒಳಗೇ ಕೂರತ್ತೆ. ಬಟನ್ ಕೆಳಗಿರೋ ಪುಟಾಣಿ ಸ್ವಿಚ್‌ಗಳ ಕಾಲಿನ ಮಧ್ಯೆ ಪಸೆ ಸೇರಿದ್ರೆ ಒತ್ತದೇ ಇದ್ರೂ ಒತ್ತಿದ ಹಾಗೆ ಆಗತ್ತೆ, ತುಕ್ಕು ಹಿಡಿದ್ರೆ ಎಷ್ಟು ಒತ್ತಿದ್ರೂ ಕೇಳಲ್ಲ. ಇದಕ್ಕೆ ಪೂರ್ತಿ ಬೋರ್ಡ್ ಬದಲಿಸೋದು ದುಡ್ಡು ದಂಡ ಅಂತ ನನ್ ಅಭಿಪ್ರಾಯ.

ಮೊದ್ಲು ಚೈಲ್ಡ್ ಲಾಕ್ ಆನ್ ಆಗಿದ್ಯಾ ನೋಡಿ, ಬೀಗದ ಚಿತ್ರ ಉರೀತಿರತ್ತೆ, ಸುಮಾರು ಮಾಡೆಲ್‌ಗಳಲ್ಲಿ ಮೂರು ಸೆಕೆಂಡ್ ಒತ್ತಿಹಿಡಿದ್ರೆ ಹೋಗತ್ತೆ. ಬಾಗಿಲು ಟಕ್ ಅಂತ ಕೂತಿದ್ಯಾ ಅದನ್ನೂ ನೋಡಿ, ಡೋರ್ ಸ್ವಿಚ್ ಹೋಗಿದ್ರೂ ಲೈಟ್ ಎಲ್ಲಾ ಬಂದು ಸ್ಟಾರ್ಟ್ ಮಾತ್ರ ಆಗಲ್ಲ. ಇವೆರಡೂ ಅಲ್ಲ ಅಂದ್ರೆ ಪ್ಲಗ್ ಕಿತ್ತು (ಬರೀ ಸ್ವಿಚ್ ಆಫ್ ಮಾಡೋದಲ್ಲ, ಕೀಳ್ಬೇಕು) ಫ್ಯಾನ್ ಕೆಳಗೆ ಒಂದೆರಡು ದಿನ ಬಿಡಿ. ಆಮೇಲೂ ಅದೇ ಕಥೆ ಆದ್ರೆ ಬೋರ್ಡ್ ರಿಪೇರಿ ಮಾಡೋ ಎಲೆಕ್ಟ್ರಾನಿಕ್ಸ್ ಅಂಗಡಿಯವ್ರಿಗೆ ತೋರಿಸಿ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು, ರಿಬ್ಬನ್ ಕೇಬಲ್ (ಪಟ್ಟಿ ಥರದ ಚಪ್ಪಟೆ ವೈರು) ತೆಗೆದು ಮತ್ತೆ ಕೂರಿಸಿ, ಸತ್ತಿರೋ ಸ್ವಿಚ್ ಮಾತ್ರ ಬದಲಿಸ್ಕೊಡ್ತಾರೆ. ನೀವೇ ಬಿಚ್ಚೋಕೆ ಹೋಗ್ಬೇಡಿ, ಪ್ಲಗ್ ತೆಗೆದ್ಮೇಲೂ ಕೆಪಾಸಿಟರಲ್ಲಿ ಸ್ವಲ್ಪ ಹೊತ್ತು ಕರೆಂಟ್ ಇರತ್ತೆ. ತಾನಾಗೇ ಬಟನ್ ಒತ್ಕೊಳ್ಳೋ ಮಿಷನ್ನು ಬೇರೆ, ಒಳಗೆ ಹೀಟರ್ ಇದೆ, ರಿಪೇರಿ ಆಗೋವರ್ಗೂ ಪ್ಲಗ್ ಹಾಕಿ ಮನೆ ಬಿಟ್ಟು ಹೋಗ್ಲೇಬೇಡಿ.

ಪ್ರಶ್ನೆ: ಗುಡುಗು ಮಳೆಗೆ ಕರೆಂಟ್ ಹೋಗಿ ಬಂದಾಗಿಂದ ಡ್ರೈಯರ್ ಪ್ಯಾನಲಲ್ಲಿ ಒಂದು ಲೈಟೂ ಇಲ್ಲ. (ತೀರ್ಥಹಳ್ಳಿಯ ಓದುಗರು)

ಉತ್ತರ: ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ, ಅದೂ ಬಿಸಿ ಆಗ್ದಿದ್ರೆ ತೊಂದ್ರೆ ನಿಮ್ ವೈರಿಂಗಲ್ಲಿ. ಅದು ಬಿಸಿ ಆದ್ರೆ ಬೋರ್ಡಿನ ಫ್ಯೂಸ್, ಅದರ ಪಕ್ಕ ಇರೋ ವೇರಿಸ್ಟರ್ ಹೋಗಿರೋ ಸಾಧ್ಯತೆ ಜಾಸ್ತಿ. ಜಾಸ್ತಿ ವೋಲ್ಟೇಜ್ ಬಂದ್ರೆ ತಾನು ಸತ್ತು ಉಳಿದಿದ್ದನ್ನ ಉಳಿಸೋಕೇ ಈ ವೇರಿಸ್ಟರ್ ಇಟ್ಟಿರ್ತಾರೆ, ಎರಡೂ ಅಗ್ಗದ ಸಾಮಾನು. ಸ್ಟೆಬಿಲೈಸರ್ ಇದೆ ಅಂತ ಸಿಡಿಲಿಗೆ ಧೈರ್ಯವಾಗಿರ್ಬೇಡಿ, ಗುಡುಗು ಕೇಳೋಕೆ ಮುಂಚೇನೇ, ಮೋಡ ಕಟ್ಟಿದ ಕೂಡ್ಲೇ ಪ್ಲಗ್ ಕಿತ್ತಿಡಿ. ವಾರಂಟಿ ಇನ್ನೂ ಇದ್ರೆ ಮಾತ್ರ ಲೋಕಲ್ ಅಂಗಡಿಗೆ ಒಯ್ಯೋ ಮುಂಚೆ ಕಂಪನಿಗೆ ಫೋನ್ ಮಾಡಿ, ಸ್ಕ್ರೂ ಬಿಚ್ಚಿದ ಗುರುತು ಕಂಡ್ರೆ ಆಮೇಲೆ ತಕರಾರು ತೆಗೀತಾರೆ.